ಲಗ್ನಪತ್ರಿಕೆ ಮೊದಲೇ ಅಚ್ಚಾಗಿತ್ತು

ತುಮಕೂರಿನ ನನ್ನ ಮುದ್ರಣಾಲಯದ ಅಟ್ಟದ ಮೇಲೆ ಒಂದು ಸಂಘದ ಸ್ಮರಣ ಸಂಚಿಕೆಯ 500 ಪ್ರತಿಗಳು ಕಟ್ಟು ಬಿಚ್ಚದೆ ಕೂತಿವೆ. ರದ್ದಿಗೆ ಹಾಕಲು ಇನ್ನೂ ಮನಸ್ಸು ಬಂದಿಲ್ಲ. ಆ ಪುಸ್ತಕದ ಪ್ರಕಾರ ಸಂಘ ಹುಟ್ಟಿದ್ದು ‘ರ್೧೮೪’ನೇ ಇಸವಿಯಲ್ಲಿ, ಕಟ್ಟಡಕ್ಕೆ ಗುದ್ದಲಿ ಪೂಜೆಯಾದದ್ದು ‘ರ್೧೮೭’ರಲ್ಲಿ. ಬಿಡುಗಡೆಯ ಹಿಂದಿನ ದಿನ ಸಂಘದ ಹಿರಿಯರೊಬ್ಬರು ಹದಿನೇಳನೇ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ‘ಇದ್ಯಾವ ಶಕೆ ಸ್ವಾಮಿ?’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು.

ನನ್ನ ಅಚ್ಚಿನ ಯಂತ್ರದ ತಪ್ಪೇನೂ ಅದರಲ್ಲಿರಲಿಲ್ಲ. ಗುಬ್ಬಿಯ ಒಬ್ಬ ಹುಡುಗ, ಕುಣಿಗಲ್ಲಿನ ಒಬ್ಬ ಮೇಷ್ಟ್ರು ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ಬದಲಿಸಲು ಬೇರೆಬೇರೆಯಾಗಿ ಕಟ್ಟಿದ್ದ ಎರಡು ಮುಕ್ತ ತಂತ್ರಾಂಶಗಳನ್ನು ಒಂದು ಮಾಡಲು ನಾನು ಹೊರಟಿದ್ದೆ. ಅವರಿಬ್ಬರೂ ನನ್ನನ್ನು ಕರೆದಿರಲಿಲ್ಲ.

ನಮ್ಮ ಕಸುಬಿನವರಿಗೆ ಇದರ ಹಿನ್ನೆಲೆ ಗೊತ್ತು, ಉಳಿದವರಿಗಾಗಿ ಸ್ವಲ್ಪ ಹೇಳಬೇಕು. 1998ರಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ, ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ದಾರಿಯಲ್ಲೇ ನಡೆದ ವಿನ್ಯಾಸದಲ್ಲಿ ನಾವೆಲ್ಲ ಬೆರಳು ಪಳಗಿಸಿಕೊಂಡೆವು. ಪೇಜ್‌ಮೇಕರಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಕವನ ಸಂಕಲನ, ಎಲ್ಲವೂ ನುಡಿಯಲ್ಲೇ. ಆದರೆ ಆ ಕಡತಗಳೊಳಗೆ ಇರುವುದು ಕನ್ನಡವಲ್ಲ. ಇಂಗ್ಲಿಷಿನ ‘ಪಿ’ ಅಕ್ಷರದ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಒಂದು ‘ಎ’ ನಿಂತರೆ ಅದು ‘ಕ’. ಫಾಂಟು ಎಂಬ ವೇಷ ತೊಡಿಸಿದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ವೇಷ ಕಳಚಿದರೆ ಯಾವ ಭಾಷೆಯೂ ಅಲ್ಲದ ಗೀಚು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮ ಬೀದಿಯ ಡಿಟಿಪಿ ಅಂಗಡಿಗೆ ಅದು ಬರಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಜಿಲ್ಲೆಯ ಅರ್ಧ ನೆನಪು ಆ ವೇಷದಲ್ಲೇ ಸಿಡಿಗಳಲ್ಲಿ ಮಲಗಿತ್ತು.

ಅದನ್ನು ಯೂನಿಕೋಡಿಗೆ ತರುವುದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸ ಅಂದುಕೊಂಡರೆ ಕೆಟ್ಟೆವು. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರ ಕೂರುತ್ತದೆ. ‘ಅಕ್ಕಿ’ಯಲ್ಲಿ ಮೊದಲು ‘ಕಿ’, ಆಮೇಲೆ ಕೆಳಗಿನ ಒತ್ತು. ಯೂನಿಕೋಡಿನಲ್ಲಿ ಕ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಕ, ಕೊನೆಗೆ ಗುಡಿಸು. ಅರ್ಕಾವತ್ತಿನದು ಇನ್ನೂ ತಕರಾರು. ‘ಸೂರ್ಯ’ದಲ್ಲಿ ಅದು ಯಕಾರದ ಬಲಕ್ಕೆ ಕಾಣುತ್ತದೆ, ಉಚ್ಚಾರದಲ್ಲಿ ಮುಂಚೆ ಬರುತ್ತದೆ. ‘ಅರ್ಘ್ಯ’ದಲ್ಲಿ ಘಕಾರವನ್ನೂ ಅದರ ಒತ್ತನ್ನೂ ಒಟ್ಟಿಗೆ ಹಾರಿ ಹಿಂದಕ್ಕೆ ಹೋಗಬೇಕು. ಈ ಹಾರಾಟ ತಪ್ಪಿದ್ದರಿಂದಲೇ ಅಂತರ್ಜಾಲದ ತುಂಬ ‘ಕಾಯರ್ಕ್ರಮ’ಗಳು ನಡೆಯುತ್ತಿರುತ್ತವೆ, ನೀವೂ ನೋಡಿರುತ್ತೀರಿ.

ಇದರ ಮೇಲೆ ನಮ್ಮಂಥವರ ಕೈಚಳಕ. ನುಡಿಯ ಕೆಲವು ಫಾಂಟುಗಳಲ್ಲಿ ಅಂಕಿಗಳು ಕನ್ನಡದಲ್ಲೇ ಮೂಡುತ್ತವೆ. ಅರ್ಕಾವತ್ತಿನ ಕೀಲಿ ಮರೆತ ಆಪರೇಟರ್ ಒಂಬತ್ತು ಒತ್ತುತ್ತಾನೆ, ‘ಕಾಯ೯’ ಎಂದು ಚೆನ್ನಾಗಿಯೇ ಕಾಣುತ್ತದೆ. ಅನುಸ್ವಾರದ ಜಾಗಕ್ಕೆ ಸೊನ್ನೆ ಇಡುತ್ತಾನೆ. ‘ಮಿ’ ಬೇಕಾದಲ್ಲಿ ‘ವಿ’ಗೆ ಒಂದು ಕೊಂಬು ಸಿಕ್ಕಿಸಿ ‘ವಿು’ ಮಾಡುತ್ತಾನೆ. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಆಗ ಇರಲಿಲ್ಲ. ನಾನೂ ಇದನ್ನೆಲ್ಲ ಮಾಡಿದ್ದೇನೆ.

ಈ ಗಂಟು ಬಿಡಿಸುವ ಪರಿವರ್ತಕಗಳು ಕನ್ನಡದಲ್ಲಿ ಮೊದಲೇ ಕೆಲವು ಇದ್ದವು. ನನ್ನ ಕಥೆಗೆ ಬೇಕಾದವು ಎರಡು. ಗುಬ್ಬಿಯ ಹುಡುಗ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಹೋಗುವಾಗ ಬರೆದದ್ದನ್ನು ಬರುವಾಗ ತಿದ್ದುತ್ತಿದ್ದ. ಪೈಥಾನಿನಲ್ಲಿ, ವ್ಯಾಕರಣದ ಸೂತ್ರದ ಹಾಗೆ ಬಿಗಿಯಾದ ನಿಯಮಗಳು. ಒಂದೇ ಆಜ್ಞೆಗೆ ನೂರಾರು ಕಡತಗಳನ್ನು ನುಂಗಿ ಹೊರಹಾಕುತ್ತಿತ್ತು. (ಗುಬ್ಬಿ ಎಂಬ ಹೆಸರಿನ ಮುಕ್ತ ಕನ್ನಡ ಫಾಂಟೂ ಒಂದಿದೆ. ನಮ್ಮೂರಿನ ಹೆಸರು ಎಂದು ಅವನು ಬಹಳ ದಿನ ಬೀಗುತ್ತಿದ್ದ. ಅದರ ಜೊತೆಯದರ ಹೆಸರು ನವಿಲು ಎಂದು ತಿಳಿದ ಮೇಲೆ ಸುಮ್ಮನಾದ.)

ಕುಣಿಗಲ್ಲಿನದು ಹೈಸ್ಕೂಲ್ ಮೇಷ್ಟ್ರ ಕೆಲಸ. ಒಂದೇ ಒಂದು ಎಚ್‌ಟಿಎಂಎಲ್ ಕಡತ. ಪೆನ್‌ಡ್ರೈವಿನಲ್ಲಿ ಒಯ್ದು ಯಾವ ಹಳೇ ಕಂಪ್ಯೂಟರಿನ ಬ್ರೌಸರಿನಲ್ಲಾದರೂ ತೆರೆದರೆ ಸಾಕು, ಇಂಟರ್ನೆಟ್ ಬೇಡ. ನಿಯಮಗಳು ಅದರಲ್ಲಿ ಕಡಿಮೆ. ಇದ್ದದ್ದು ಉದ್ದನೆಯ ಒಂದು ಪಟ್ಟಿ: ಹೀಗೆ ಕಂಡರೆ ಹೀಗೆ ಬರೆ, ಹಾಗೆ ಕಂಡರೆ ಹಾಗೆ ಬರೆ. ಸಾವಿರಾರು ಸಾಲು. ಅದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ನಗು ಬಂದಿತ್ತು. ಆ ನಗುವಿನ ಬೆಲೆ ಅಟ್ಟದ ಮೇಲಿದೆ.

2017ರಲ್ಲಿ ನಾನು ಎರಡನ್ನೂ ಬಳಸುತ್ತಿದ್ದೆ. ಒಂದರಲ್ಲಿ ಕೆಟ್ಟದ್ದು ಇನ್ನೊಂದರಲ್ಲಿ ಸರಿಹೋಗುತ್ತಿತ್ತು. ಒಂದೇ ಜಿಲ್ಲೆ, ಒಂದೇ ಕೆಲಸ, ಎರಡು ಒಲೆ ಯಾಕೆ? ಸೇರಿಸಿದರೆ ಶ್ರಮ ಉಳಿಯುತ್ತದೆ, ಕನ್ನಡಕ್ಕೆ ಬಲ ಬರುತ್ತದೆ. ಹೀಗೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಇದರ ಕೆಳಗೆ ಇನ್ನೊಂದು ಆಸೆಯೂ ಇತ್ತು. ನನಗೆ ಕೋಡ್ ಬರೆಯಲು ಅಷ್ಟಿಷ್ಟು ಬರುತ್ತಿತ್ತು, ಹೊಸದನ್ನು ಕಟ್ಟುವಷ್ಟು ಬರುತ್ತಿರಲಿಲ್ಲ. ಇಬ್ಬರನ್ನು ಸೇರಿಸಿದವನು ಎಂಬ ಹೆಸರು ಸಿಕ್ಕಿದರೆ ಕಟ್ಟಿದಷ್ಟೇ ಆಯಿತಲ್ಲ.

ಹೊರಗಿನ ಉದಾಹರಣೆಗಳನ್ನು ಓದಿ ತಲೆಗೇರಿಸಿಕೊಂಡೆ. ಜಿಸಿಸಿ ಎಂಬ ಕಂಪೈಲರ್‌ನಿಂದ 1997ರಲ್ಲಿ ಒಂದು ಗುಂಪು ಸಿಡಿದು ಇಜಿಸಿಎಸ್ ಕಟ್ಟಿತು. 1999ರ ಏಪ್ರಿಲ್‌ನಲ್ಲಿ ಆ ಕವಲೇ ಅಧಿಕೃತ ಜಿಸಿಸಿ ಆಯಿತು. ನೋಡ್‌ ಜೆಎಸ್‌ನಿಂದ 2014ರ ಡಿಸೆಂಬರಿನಲ್ಲಿ ಬೇರೆಯಾದ ಐಓ ಜೆಎಸ್ ಮರುವರ್ಷವೇ ಮನೆಗೆ ಮರಳಿತು, 2015ರ ಸೆಪ್ಟೆಂಬರಿನಲ್ಲಿ ನೋಡ್‌ನ 4.0 ಆವೃತ್ತಿ ಇಬ್ಬರದೂ ಆಗಿ ಹೊರಬಂತು. ಇವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜಿಸಿಸಿಯಲ್ಲಿ ಹಳೆಯವರು ತಾವಾಗಿ ಪಟ್ಟ ಬಿಟ್ಟುಕೊಟ್ಟಿದ್ದರು, ನೋಡ್‌ನಲ್ಲಿ ಯಾರ ಮಾತು ಎಲ್ಲಿ ನಡೆಯಬೇಕು ಎಂದು ಮೊದಲು ಕೂತು ತೀರ್ಮಾನಿಸಿ ಆಮೇಲೆ ಕೋಡ್ ಮುಟ್ಟಿದ್ದರು. ಇದನ್ನೂ ಓದಿದ್ದೆ, ಹೇಳಿಕೊಂಡು ತಿರುಗಲಿಲ್ಲ. ಸೇರದೇ ಹೋದವರ ಕಥೆಗಳನ್ನಂತೂ ತೆರೆದೇ ನೋಡಲಿಲ್ಲ. ಎಫ್‌ಎಫ್‌ಎಂಪೆಗ್‌ನಿಂದ 2011ರಲ್ಲಿ ಲಿಬ್‌ಎವಿ ಒಡೆಯಿತು. ವರ್ಷಗಟ್ಟಲೆ ಹಳೆಯವರು ಒಡೆದು ಹೋದವರ ತಿದ್ದುಪಡಿಗಳನ್ನೆಲ್ಲ ತಂದು ಸೇರಿಸಿಕೊಳ್ಳುತ್ತಲೇ ಇದ್ದರು. ಕೋಡ್ ಸೇರುತ್ತಿತ್ತು, ಜನ ಸೇರಲಿಲ್ಲ. 2015ರಲ್ಲಿ ಎಫ್‌ಎಫ್‌ಎಂಪೆಗ್‌ನ ಮುಂದಾಳು ಮೈಕೆಲ್ ನೀಡರ್‌ಮೇಯರ್, ತಾವು ಸರಿದರೆ ಇಬ್ಬರೂ ಒಂದಾಗಬಹುದೇನೋ ಎಂದು ನಾಯಕತ್ವವನ್ನೇ ಬಿಟ್ಟರು. ಆಗಲೂ ಆಗಲಿಲ್ಲ.

ಒಂದು ಭಾನುವಾರ ಇಬ್ಬರನ್ನೂ ಕ್ಯಾತ್ಸಂದ್ರಕ್ಕೆ ಕರೆದೆ. ತಟ್ಟೆ ಇಡ್ಲಿಯ ಮುಂದೆ ಯಾರೂ ಜಗಳವಾಡುವುದಿಲ್ಲ ಎಂಬ ಲೆಕ್ಕ. ಹುಡುಗ ಮಲ್ಲಸಂದ್ರದ ಕಡೆಯಿಂದ ಬೈಕಿನಲ್ಲಿ, ಮೇಷ್ಟ್ರು ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಬಂದರು. ಮೊದಲ ಅರ್ಧ ಗಂಟೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಹೊಗಳಿದರು. ಆಮೇಲೆ ‘ರ‍್ಯಾಲಿ’ ಬಂತು.

‘ರ‍್ಯಾಲಿ’ಯನ್ನು ಪುಸ್ತಕದಲ್ಲಿ ಕಾಣುವಂತೆ ರಕಾರದ ಕೆಳಗೆ ಯಒತ್ತು ಬರುವ ಹಾಗೆ ಬರೆಯಬೇಕಾದರೆ ಯೂನಿಕೋಡಿನಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇಡಬೇಕು. ಇಡದಿದ್ದರೆ ಅರ್ಕಾವತ್ತು ಬಂದು ‘ರ್ಯಾಲಿ’ ಆಗುತ್ತದೆ. ಕುಣಿಗಲ್ಲಿನದು ಇಡುತ್ತಿತ್ತು, ಗುಬ್ಬಿಯದು ಇಡುತ್ತಿರಲಿಲ್ಲ. ‘ಕಾಣದೇ ಇರೋದನ್ನ ಒಳಗಿಟ್ರೆ ಹುಡುಕಿದಾಗ ಪದ ಸಿಗಲ್ಲ ಸಾರ್, ಹತ್ತು ಸಾವಿರ ಪುಟದಲ್ಲಿ ಅರ್ಧ ಕಳೆದೋಗ್ತವೆ’ ಎಂದು ಹುಡುಗ. ‘ಮಕ್ಕಳು ಪಾಠದಲ್ಲಿ ನೋಡೋ ಥರ ಕಾಣ್ಬೇಕಪ್ಪ, ಹುಡುಕೋದು ಆಮೇಲಿನ ಮಾತು’ ಎಂದು ಮೇಷ್ಟ್ರು. ಒಂದು ಗಂಟೆ ಇದೇ ನಡೆಯಿತು. ನಾನು ನಡುವೆ ಕೂತು, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ವಾದವೇ ಎಂದು ಒಳಗೇ ಬೇಸರಪಟ್ಟೆ. ನನ್ನ ಮೊದಲ ಮೂರ್ಖತನ ಅದು. ಒಬ್ಬ ಹಳೆಯ ಕಡತಗಳ ಭಂಡಾರವನ್ನು ಹುಡುಕುವಂತೆ ಮಾಡುವವನು, ಇನ್ನೊಬ್ಬರು ನಾಳೆಯ ಪ್ರಶ್ನೆಪತ್ರಿಕೆಯನ್ನು ಓದುವಂತೆ ಮಾಡುವವರು. ಎರಡು ಪರಿವರ್ತಕ ಇದ್ದದ್ದು ಎರಡು ಕೆಲಸ ಇದ್ದದ್ದರಿಂದ. ಅದನ್ನು ಅವರು ನನ್ನ ಮುಂದೆಯೇ ಒಂದು ಗಂಟೆ ಬಿಡಿಸಿ ಹೇಳಿದ್ದರು.

ಲೈಸೆನ್ಸಿನ ಮಾತೂ ಬಂತು. ಹುಡುಗನದು ಜಿಪಿಎಲ್. ಅವನು ಹಿಂದೆ ಬರೆದಿದ್ದ ಒಂದು ಚಿಕ್ಕ ತಂತ್ರಾಂಶವನ್ನು ಯಾರೋ ಸಿಡಿ ಮಾಡಿ ಮಾರಿದ್ದರಂತೆ. ಮಾರಿದರೂ ಪರವಾಗಿಲ್ಲ, ಕೋಡ್ ಮುಚ್ಚಬಾರದು ಎಂಬುದು ಹಟ. ಮೇಷ್ಟ್ರದು ಎಂಐಟಿ. ‘ಯಾರಾದ್ರೂ ಏನಾದ್ರೂ ಮಾಡ್ಕೊಳ್ಳಿ. ಮೇಲಿರೋ ಹೆಸರು ಅಳಿಸ್ದೆ ಇದ್ರೆ ಸಾಕು.’ ಎಂಐಟಿಯ ಕೋಡನ್ನು ಜಿಪಿಎಲ್ ಯೋಜನೆಯೊಳಗೆ ತರಬಹುದು. ಹಿಂದಕ್ಕೆ ಒಯ್ಯಬೇಕಾದರೆ ಬರೆದವರೆಲ್ಲರ ಒಪ್ಪಿಗೆ ಬೇಕು. ಏಕಮುಖ ಸಂಚಾರದ ರಸ್ತೆ. ಲಿಬ್ರೆ ಆಫೀಸ್ ಮತ್ತು ಅಪಾಚೆ ಓಪನ್ ಆಫೀಸ್ ನಡುವೆಯೂ ಇಂಥದೇ ಒಂದು ರಸ್ತೆ ಇದೆ: ಓಪನ್ ಆಫೀಸಿನದು ಲಿಬ್ರೆಗೆ ಹೋಗಬಹುದು, ಲಿಬ್ರೆಯದು ಆ ಕಡೆಗೆ ಹೋಗುವಂತಿಲ್ಲ. 2010ರಲ್ಲಿ ಒಡೆದ ಆ ಮನೆ ಇವತ್ತಿಗೂ ಎರಡೇ. ಅಂದರೆ ವಿಲೀನವಾದರೆ ಬಿಟ್ಟುಕೊಡುವವರು ಮೇಷ್ಟ್ರು ಎಂಬುದು ಮೊದಲೇ ತೀರ್ಮಾನವಾಗಿತ್ತು. ಅದನ್ನು ಅವರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ಕಾಫಿಗೆ ಹೇಳಿದೆ.

‘ಯೋಚ್ನೆ ಮಾಡಾಣ’ ಎಂದು ಇಬ್ಬರೂ ಎದ್ದರು. ನಮ್ಮ ಸೀಮೆಯಲ್ಲಿ ಯೋಚನೆ ಮಾಡೋಣ ಎಂದರೆ ಏನೆಂದು ಹೆಣ್ಣು ನೋಡಲು ಹೋಗಿ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತ್ರ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ. ತಿಳಿದುಕೊಳ್ಳಲು ಬಯಸಿದೆ ಎನ್ನುವುದು ಸರಿ. ನವೆಂಬರ್ ಒಂದಕ್ಕೆ, ರಾಜ್ಯೋತ್ಸವದ ದಿನ, ‘ಎರಡೂ ಒಂದಾದವು’ ಎಂದು ಒಂದು ಕರಪತ್ರ. ಅಚ್ಚಿನ ಯಂತ್ರ ಮನೆಯಲ್ಲೇ ಇತ್ತಲ್ಲ. ಹೊಸ ಹೆಸರು ನಾನೇ ಇಟ್ಟೆ. ಬದುಕಿನಲ್ಲಿ ಎಷ್ಟೋ ಲಗ್ನಪತ್ರಿಕೆ ಅಚ್ಚು ಹಾಕಿದ್ದೇನೆ. ಗಂಡು ಹೆಣ್ಣು ಒಪ್ಪುವ ಮೊದಲೇ ಹಾಕಿದ್ದು ಅದೊಂದೇ.

ಕರಪತ್ರ ಹಂಚಿದ ಮೇಲೆ ಕೋಡ್ ಸೇರಿಸಲು ಕೂತೆ. ಎರಡೂ ರೆಪೊಸಿಟರಿಗಳ ಇತಿಹಾಸ ಉಳಿಸಿಕೊಂಡು ಮರ್ಜ್ ಮಾಡಲು ದಾರಿಗಳಿವೆ. ನನಗೆ ತಾಳ್ಮೆ ಇರಲಿಲ್ಲ. ಹುಡುಗನ ಕಡತಗಳನ್ನು ಹೊಸ ರೆಪೊಸಿಟರಿಗೆ ನಕಲು ಮಾಡಿ, ನನ್ನ ಹೆಸರಿನಲ್ಲಿ ಒಂದೇ ಕಮಿಟ್ ಹಾಕಿದೆ. ರೈಲಿನಲ್ಲಿ ಕೂತು ಬರೆದ ಎರಡು ವರ್ಷ ಅದರೊಳಗೆ ಮುಳುಗಿತು. ಮೇಷ್ಟ್ರ ಪಟ್ಟಿಯನ್ನು ತೆರೆದೆ. ನಿಯಮಗಳೇ ಇರುವಾಗ ಈ ಗೋಣಿಚೀಲ ಯಾಕೆ ಎನಿಸಿತು. ಅಲ್ಲಿ ಇಲ್ಲಿ ಉಪಯೋಗ ಕಂಡ ಒಂದಷ್ಟನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟೆ. ಒಂಬತ್ತನ್ನು ಅರ್ಕಾವತ್ತು ಮಾಡುವುದಕ್ಕೆ ಮೇಷ್ಟ್ರು ಹತ್ತಾರು ಸಾಲು ಬರೆದಿದ್ದರು. ನಾನು ಒಂದೇ ಸಾಲಿನಲ್ಲಿ ಮುಗಿಸಿದೆ, ಹೆಮ್ಮೆಯಿಂದ: ಒಂಬತ್ತು ಕಂಡರೆ ಅರ್ಕಾವತ್ತು. ಕಡತದ ನೆತ್ತಿಯ ಮೇಲೆ ಟಿಪ್ಪಣಿಯ ಹಲವು ಸಾಲುಗಳಿದ್ದವು. ಓದದೆ ಅಳಿಸಿದೆ.

ಮೂರು ದಿನದ ಮೇಲೆ ಮೇಷ್ಟ್ರ ಫೋನು. ಕರಪತ್ರದ ಬಗ್ಗೆ ಒಂದು ಮಾತಿಲ್ಲ. ‘ಮೇಲೆ ಹೆಸರುಗಳಿದ್ವಲ್ಲ, ಎಲ್ಲೋದ್ವು?’ ಎಂದು ಕೇಳಿದರು. ಅವರ ಹೆಸರು ಇರಬೇಕು ಎಂದುಕೊಂಡು, ಕೊನೆಯಲ್ಲಿ ಕೃತಜ್ಞತೆ ಎಂದು ಹಾಕುತ್ತೇನೆ ಸಾರ್ ಎಂದೆ. ‘ನನ್ದಲ್ಲ’ ಎಂದರು. ಆ ಪಟ್ಟಿಯನ್ನು ಕೂತು ಟೈಪ್ ಮಾಡಿದವರು ಅವರ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು. ಸಂಜೆ ಸಂಜೆ, ಒಂದು ವರ್ಷ. ಊರಿನ ಡಿಟಿಪಿ ಅಂಗಡಿಗಳಿಂದ ಹಳೆಯ ಕಡತ ತರಿಸಿ, ಎಲ್ಲೆಲ್ಲಿ ಒಡೆಯುತ್ತದೆ ಎಂದು ಕೆಂಪು ಶಾಯಿಯಲ್ಲಿ ಗುರುತಿಸಿ, ಒಂದೊಂದಾಗಿ ಸೇರಿಸಿದ್ದು. ಎಂಐಟಿ ಲೈಸೆನ್ಸ್ ಕೇಳುವುದು ಒಂದೇ ಒಂದು, ಹಕ್ಕಿನ ಸಾಲನ್ನು ಉಳಿಸಿ ಅನ್ನುವುದು. ಜಿಪಿಎಲ್ ಕೂಡ ಅದನ್ನು ಕೇಳುತ್ತದೆ. ಎರಡನ್ನೂ ನಾನು ಒಂದೇ ರಾತ್ರಿ ಮುರಿದಿದ್ದೆ. ತಕ್ಷಣ ವಾಪಸ್ ಹಾಕಿದೆ. ಹಾಕಿದೆ ಎಂದು ತಿಳಿಸಲು ಫೋನ್ ಮಾಡಿದಾಗ ಎತ್ತಲಿಲ್ಲ.

ಗುಬ್ಬಿಯ ಹುಡುಗ ಕೂಗಾಡಿದ. ಅದು ವಾಸಿ. ‘ಸಾರ್, ನಾನು ಫೋರ್ಕ್ ಬೇಡ ಅಂತಿದ್ದೆ, ನೀವೇ ಮೂರನೇದು ಮಾಡಿಟ್ರಿ’ ಎಂದ. ನಿಜ. ಎರಡನ್ನು ಒಂದು ಮಾಡಲು ಹೋಗಿ ಜಿಲ್ಲೆಗೆ ಮೂರು ಪರಿವರ್ತಕ ಕೊಟ್ಟಿದ್ದೆ. ಅದರಲ್ಲಿ ಮೂರನೆಯದರಷ್ಟು ಕೆಟ್ಟದ್ದು ಇನ್ನೊಂದಿರಲಿಲ್ಲ.

ಆದರೂ ಬುದ್ಧಿ ಬರಲಿಲ್ಲ. 2018ರ ಜನವರಿಯಲ್ಲಿ ಆ ಸಂಘದ ಸ್ಮರಣ ಸಂಚಿಕೆಯ ಕೆಲಸ ಬಂತು. ಗಣ್ಯರ ಸಂದೇಶಗಳು ಹೊಸದಾಗಿ ಯೂನಿಕೋಡಿನಲ್ಲೇ ಬಂದಿದ್ದವು, ಸಂಘದ ಇತಿಹಾಸ ಮಾತ್ರ ಹಳೆಯ ನುಡಿ ಕಡತ. ನನ್ನದೇ ಪರಿವರ್ತಕಕ್ಕೆ ಹಾಕಿದೆ. ಪ್ರೂಫ್ ನೋಡಿದವನೂ ನಾನೇ, ಅದೂ ಮೊದಲ ಹದಿನಾರು ಪುಟದ ಫಾರಂ ಮಾತ್ರ, ಅಂದರೆ ಬರೀ ಸಂದೇಶಗಳು. ಇತಿಹಾಸ ಶುರುವಾಗುವುದು ಹದಿನೇಳರಿಂದ. ನನ್ನ ಒಂದು ಸಾಲಿನ ಜಾಣತನ ‘೧೯೮೪’ರ ಒಂಬತ್ತನ್ನು ಅರ್ಕಾವತ್ತು ಮಾಡಿ, ಒಂದರ ಹಿಂದಕ್ಕೆ ಹಾರಿಸಿತ್ತು. ಅಂಕಿಯ ಪಕ್ಕದ ಒಂಬತ್ತನ್ನು ಮುಟ್ಟಬೇಡ, ಅಕ್ಷರದ ಪಕ್ಕದ್ದನ್ನು ಮಾತ್ರ ಬದಲಿಸು. ಮೇಷ್ಟ್ರ ಹತ್ತಾರು ಸಾಲುಗಳು ಹೇಳುತ್ತಿದ್ದದ್ದು ಅಷ್ಟೇ. ಆ ಮಕ್ಕಳಲ್ಲಿ ಯಾರೋ ಒಬ್ಬರಿಗೆ ಅದು ಹೊಳೆದಿತ್ತು.

ನನ್ನ ಖರ್ಚಿನಲ್ಲಿ ಮರುಮುದ್ರಣ ಮಾಡಿಕೊಟ್ಟೆ. ಬಿಡುಗಡೆ ಎರಡು ವಾರ ಮುಂದಕ್ಕೆ ಹೋಯಿತು. ಎರಡನೇ ಸಲ ಇತಿಹಾಸದ ಭಾಗವನ್ನು ಕುಣಿಗಲ್ಲಿನ ಹಳೆಯ ಕಡತದಲ್ಲೇ ಪರಿವರ್ತಿಸಿದೆ, ಒಂದು ಇಸವಿಯೂ ಒಡೆಯಲಿಲ್ಲ.

ಅದೇ ಜನವರಿಯಲ್ಲಿ, ವೈಫೈ ರೂಟರುಗಳಿಗೆ ತಂತ್ರಾಂಶ ಬರೆಯುವ ಓಪನ್‌ಡಬ್ಲ್ಯೂಆರ್‌ಟಿ ಮತ್ತು ಅದರಿಂದ 2016ರಲ್ಲಿ ಒಡೆದಿದ್ದ ಲೀಡ್ ಒಂದಾದ ಸುದ್ದಿ ಓದಿದೆ. ಹೆಸರು ಹಳೆಯವರದು, ನಡೆಯುವ ನಿಯಮಗಳು ಒಡೆದು ಹೋದವರವು. ಎರಡು ಕಡೆಯವರೂ ಏನನ್ನೋ ಇಟ್ಟುಕೊಂಡರು, ಏನನ್ನೋ ಬಿಟ್ಟರು, ತಾವೇ ಆರಿಸಿಕೊಂಡರು. ನನ್ನ ವಿಲೀನದಲ್ಲಿ ಹೆಸರೂ ನನ್ನದೇ, ನಿಯಮವೂ ನನ್ನದೇ.

ಆ ಮೂರನೆಯ ರೆಪೊಸಿಟರಿಯನ್ನು ಮುಚ್ಚಿದೆ. ಮುಚ್ಚುವ ಮುಂಚೆ ಒಂದು ಕೆಲಸ ಮಾಡಿದೆ, ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬೇಕು. ಎರಡು ಪರಿವರ್ತಕಗಳಲ್ಲೂ ಒಡೆದ ಪದಗಳನ್ನು, ನನ್ನ ಪ್ರೆಸ್ಸಿನ ಹಳೆಯ ಸಿಡಿಗಳಿಂದ ಹೆಕ್ಕಿ, ಒಂದು ಸಾದಾ ಪಠ್ಯ ಕಡತದಲ್ಲಿ ಬರೆದೆ: ಎಡಕ್ಕೆ ನುಡಿಯ ಗೀಚು, ಬಲಕ್ಕೆ ಬರಬೇಕಾದ ಕನ್ನಡ. ‘ರ‍್ಯಾಲಿ’ಗೆ ಮಾತ್ರ ಬಲಗಡೆ ಎರಡು ಉತ್ತರ ಕೊಟ್ಟಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಷರತ್ತು ಏನೂ ಇಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹೆಸರಿಡಲಿಲ್ಲ. ಇಬ್ಬರಿಗೂ ಕಳಿಸಿ ಸುಮ್ಮನಾದೆ. ಎರಡು ತಿಂಗಳ ಮೇಲೆ ಗುಬ್ಬಿಯದರ ಪರೀಕ್ಷಾ ಕಡತಗಳ ನಡುವೆ ಅದು ಕಾಣಿಸಿತು. ಮಳೆಗಾಲದ ಹೊತ್ತಿಗೆ ಕುಣಿಗಲ್ಲಿನದರಲ್ಲೂ. ಮೇಷ್ಟ್ರು ನಾನು ಬರೆದದ್ದರಲ್ಲಿ ಹನ್ನೊಂದು ತಪ್ಪು ತಿದ್ದಿದ್ದರು. ಹುಡುಗ ಆ ಹನ್ನೊಂದನ್ನೂ ತನ್ನದಕ್ಕೆ ತಂದುಕೊಂಡಿದ್ದ. ಅವರಿಬ್ಬರೂ ಮಾತಾಡಿಕೊಂಡು ಹೀಗೆ ಮಾಡಿದರೋ, ಕೋಡ್ ನೋಡಿಕೊಂಡು ಮಾಡಿದರೋ ನಾನು ಕೇಳಲು ಹೋಗಲಿಲ್ಲ.

ಮೇಷ್ಟ್ರು ಈಗ ನಿವೃತ್ತರು. ಒಮ್ಮೆ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಎದುರು ಸಿಕ್ಕಿದರು. ‘ಪ್ರೆಸ್ ನಡೀತಾ ಇದೆಯಾ?’ ಎಂದು ಕೇಳಿದರು, ಉತ್ತರಕ್ಕೆ ಕಾಯದೆ ನಡೆದರು.

ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೆಯ ನುಡಿ, ಬರಹ ಕಡತಗಳಿದ್ದು, ಪರಿವರ್ತಿಸುವಾಗ ಒಡೆಯುವ ಪದ ಕಂಡರೆ ಬರೆದಿಟ್ಟುಕೊಳ್ಳಿ. ಒಡೆದದ್ದು ಹೇಗಿತ್ತು, ಸರಿಯಾದದ್ದು ಏನು, ಎರಡೂ ಇರಲಿ. ನೀವು ಬಳಸುವ ಪರಿವರ್ತಕ ಯಾರದೋ ಅವರಿಗೇ ಕಳಿಸಿ. ನನಗೆ ಬೇಡ.